ಬೆಲ್ಟಿನ ಕೊನೆಯ ಗೇಣು

ಸಿದ್ದಾಪುರದಿಂದ ಕರಡಿಗೋಡಿಗೆ ಇಳಿಯುವ ತಿರುವಿನಲ್ಲಿ ನನ್ನ ಶೆಡ್ಡು.
ಬೋರ್ಡಿಲ್ಲ. ಆಕ್ಸಲ್ ಮುರಿದ ಜೀಪೊಂದು
ಗೇಟಿನ ಪಕ್ಕ ಮಂಡಿಯೂರಿದೆಯಲ್ಲ, ಅದೇ ಬೋರ್ಡು.

ಈ ಕಸುಬಿಗೆ ಮೊದಲು ಬೇಕಾದ್ದು ಸ್ಪ್ಯಾನರಲ್ಲ, ಮೂಗು.
ಬಾಗಿಲು ತೆಗೆದ ಕೂಡಲೆ
ಬೂಷ್ಟು ನಾತ ಬಂದರೆ ಐದು ಸಾವಿರ ಇಳಿಸಿ ಕೇಳು,
ಅಗರಬತ್ತಿ ಘಮ ಬಂದರೆ ಹತ್ತು.

ದೇಚಮ್ಮ ಟೀಚರ ಓಮ್ನಿಯಲ್ಲಿ ಬಂದದ್ದು ಬೇರೆಯೇ ವಾಸನೆ:
ಬೆವರು, ಒದ್ದೆ ಸಾಕ್ಸು, ಹುಡುಗಿಯರು ಹಂಚಿಕೊಂಡ ಕಿತ್ತಳೆ.
ಹತ್ತೊಂಬತ್ತು ವರ್ಷ ಶಾಲೆಯ ಹಾಕಿ ತಂಡ ಹೊತ್ತ ಗಾಡಿ.
ಒಳತಗಡಿನ ತುಂಬ ಸ್ಟಿಕ್ಕಿನ ಗುದ್ದು.
ಗೆದ್ದ ದಿನದ್ದು ಯಾವುದು, ಸೋತ ದಿನದ್ದು ಯಾವುದು,
ತಗಡು ಬಾಯಿ ಬಿಡುವುದಿಲ್ಲ.

"ಕಾಫಿಗೆ ರೇಟು ಬಂದಿದೆ, ಕಣ ಖಾಲಿಯಾಗಬೇಕು.
ಎರಡು ಚೀಲ ಒಣಗೋ ಜಾಗ ತಿಂತಾ ಕೂತಿದೆ ಇದು."
"ನೀರಿಗಿಳಿದಿತ್ತಾ?"
"ನಾನು ಸುಳ್ಳು ಹೇಳ್ತೀನಾ?"
ಉತ್ತರವಲ್ಲ ಅದು, ಮೈದಾನದ ಸೀಟಿ.

ಡ್ರೈವರ್ ಬದಿಯ ಬೆಲ್ಟು ಎಳೆದೆ. ಎಳೆದೆ,
ಸುರುಳಿ ಮುಗಿಯುವ ತನಕ.
ಕೊನೆಯ ಗೇಣಿನಲ್ಲಿ ಒಣಗಿದ ಕಾವೇರಿ,
ಬೆರಳಿಗೆ ಮೆತ್ತಿತು, ರಾಗಿ ಹಿಟ್ಟಿನಷ್ಟು ನುಣುಪು.
ಟೀಚರು ಕಣದ ಕಡೆ ನೋಡಿದರು.
ಇಪ್ಪತ್ತೆಂಟಕ್ಕೆ ಮಾತು ಮುಗಿಯಿತು.

ಮ್ಯಾಟು ಎತ್ತಿದರೆ ನೆಲವೇ ಇಲ್ಲ.
"ಗಾಡಿ ತಂದಿದ್ದೀಯೋ ಜರಡಿಯೋ," ಎಂದ ಟಿಂಕರ್ ಅಂದ್ರು.
ಹಿಂದಿನ ಸೀಟಿನಡಿ ಒಂದು ಬಿಳಿ ಚೆಂಡು,
ಚೆಂಡಿನ ಪಕ್ಕ, ಸೋರುವ ಬಾಗಿಲಿನ ದಯೆಯಿಂದ,
ತನ್ನದೇ ಬೀಜವನ್ನು ತಲೆಯ ಮೇಲೆ ಹೊತ್ತು ನಿಂತ
ಒಂದು ಕಾಫಿ ಮೊಳಕೆ.
ಅಂದ್ರು ಅದನ್ನು ಗ್ರೀಸ್ ಡಬ್ಬಿಗೆ ನೆಟ್ಟು ವೆಲ್ಡಿಂಗಿಗೆ ಕೂತ.

ತಗಡಿಗೆ ನಾಲ್ಕೂವರೆ. ವೈರಿಂಗಿಗೆ ಮೂರು.
ಲಾರೆನ್ಸನ ಬಣ್ಣಕ್ಕೆ ಏಳು; ಮಂಜಿನಲ್ಲಿ ಒಣಗದೆ ಎರಡು ಸಲ ಹೊಡೆದ.
ಬ್ಯಾಟರಿ ಮೂರು ಸಾವಿರದ ನಾನೂರು.
ಎಫ್‌ಸಿ, ಕಾಗದ, ಮಡಿಕೇರಿಗೆ ನಾಲ್ಕು ಸಲ ಅಲೆದದ್ದು, ಎಲ್ಲ ಸೇರಿ ಐದೂವರೆ.
ಹೊಸ ಬೆಲ್ಟು ಎರಡು, ಸಾವಿರದ ಆರುನೂರು:
ಆ ಒಂದು ಸಾಲನ್ನು ಮಾತ್ರ
ಪೆನ್ಸಿಲಿನಲ್ಲಿ ಬರೆದಿದ್ದೆ.

ಸಂತೆಯ ದಿನ ಜಾನು ಬಂದಳು.
ಲೈನ್‌ಮನೆಯಲ್ಲಿ ಹುಟ್ಟಿದವಳು, ಈಗ ಏಳು ಜನರ ಮೇಸ್ತ್ರಿ,
ಮೆಣಸು ಕೊಯ್ಯಲು ತೋಟದಿಂದ ತೋಟಕ್ಕೆ
ಆಳು, ಚೀಲ, ತಲೆಯ ಮೇಲೆ ಏಣಿ.
ಎಂಜಿನ್ ಚಾಲೂ ಮಾಡು ಎನ್ನಲಿಲ್ಲ.
ಹಲಸಿನ ಹಣ್ಣು ನೋಡುವವಳಂತೆ
ಬೆರಳ ಗೆಣ್ಣಿನಿಂದ ತಟ್ಟುತ್ತ ಒಂದು ಸುತ್ತು ಬಂದಳು:
"ಇಲ್ಲಿ ಪಟ್ಟಿ. ಇಲ್ಲಿ ತಗಡು. ಇಲ್ಲಿ ಪಟ್ಟಿ."

ಆಮೇಲೆ ಬೆಲ್ಟು ಹಿಡಿದು ನಿಂತಳು.
"ಮುದುಕಿಗೆ ಹೊಸ ಹಲ್ಲು ಯಾಕಣ್ಣ?"
ನಾನು ಕೈ ಒರೆಸಿಕೊಂಡೆ. ಒರೆಸಿದ ಕೈಯನ್ನೇ ಮತ್ತೆ ಒರೆಸಿದೆ.
"ಆ ವರ್ಷ ನೀರು ನಮ್ಮ ಗೋಡೆ ಗಡಿಯಾರದ ತನಕ ಬಂದಿತ್ತು.
ಈ ಗಾಡಿ ಎಲ್ಲಿತ್ತು?"

ಗುಡ್ಡದ ಮೇಲೆ, ಅನ್ನಬಹುದಿತ್ತು.
ಇಪ್ಪತ್ತು ವರ್ಷದಲ್ಲಿ ಎಷ್ಟು ಗಾಡಿಗಳನ್ನು
ಬರೀ ಬಾಯಲ್ಲೇ ಗುಡ್ಡ ಹತ್ತಿಸಿದ್ದೇನೆ,
ಒಂದು ಹನಿ ಪೆಟ್ರೋಲಿಲ್ಲದೆ.

"ಸೀಟು ಮುಳುಗುವಷ್ಟು," ಎಂದೆ.
"ನಂಗೆ ಇಲ್ಲೀವರೆಗೆ," ಗಲ್ಲ ಮುಟ್ಟಿ ತೋರಿಸಿದಳು.
"ನಾನು ಓಡಾಡ್ತಾ ಇಲ್ವಾ?
ಅದೂ ಓಡಾಡುತ್ತೆ. ಹತ್ತು ಸಾವಿರ ಇಳಿಸು."

ಅರವತ್ತೈದು ಐವತ್ತೈದಾಯಿತು.
ಲಾಭ ಎರಡು ಸಾವಿರ, ಅದರಲ್ಲಿ ಅಂದ್ರುವಿನ ಬಿರಿಯಾನಿ ಕಳೆಯಿರಿ.
ಏಣಿ ಕಟ್ಟಿಕೊಂಡು ಏರು ಹತ್ತಿತು ಓಮ್ನಿ,
ಎರಡನೇ ಗೇರಿನಲ್ಲಿ ಸ್ವಲ್ಪ ಗೊಣಗಿ.

ಸಂಜೆ ಟೀಚರ ಫೋನು:
"ಸೀಟಿನಡಿ ಚೆಂಡೊಂದಿತ್ತು. ಅದು ಮಾರಿದ್ದಲ್ಲ."
"ಶೆಡ್ಡಿನಲ್ಲಿದೆ, ಬನ್ನಿ," ಎಂದೆ.
"ಬರುವಾಗ ಹೊಸ ಗಾಡೀಲೇ ಬನ್ನಿ ಟೀಚರೇ,
ಅದರ ಬೆಲ್ಟೂ ಒಮ್ಮೆ ಎಳೆದು ನೋಡ್ತೀನಿ."